ಶುಕ್ರವಾರದ ಅಂಕಿ

ಬೆಂಜಮಿನ ಮಾಸ್ತರನಿಗೆ ತನ್ನ ಪಾದಗಳದೇ ಹೆದರಿಕೆ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಮಂಚದ ಅಂಚಿಗೆ ಕೂತು, ಹೆಂಡತಿಯ ಕೈಗನ್ನಡಿಯನ್ನು ನೆಲದ ಮೇಲಿಟ್ಟು, ಒಂದೊಂದೇ ಅಂಗಾಲನ್ನು ಅದರ ಮೇಲೆ ಹಿಡಿದು ನೋಡುತ್ತಿದ್ದ. ಅವನ ತಂದೆ ಎಬನೇಜರನಿಗೆ ಔರಾದ ತಾಲ್ಲೂಕಿನ ಡಾಬಕಾದಲ್ಲಿದ್ದಾಗ ಹೊಸ ಚಪ್ಪಲಿ ಕಚ್ಚಿ ಒಂದು ಗುಳ್ಳೆ ಎದ್ದಿತ್ತು. ಅಷ್ಟೇ. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ಕಾಲು, ಕೊನೆಗೆ ಎಬನೇಜರನೇ ಹೋದ. ಆಗ ಅವನಿಗೆ ಐವತ್ನಾಲ್ಕು ವರ್ಷ. ಬೆಂಜಮಿನನಿಗೆ ಈಗ ಐವತ್ತೆರಡು.

ಬೆಂಜಮಿನ ಹಲಬರ್ಗಾದ ಶಾಲೆಯಲ್ಲಿ ಮಾಸ್ತರ. ಮನೆ ಬೀದರಿನಲ್ಲಿ, ಚರ್ಚಿಗೆ ಹತ್ತಿರ. ದಿನಾ ಬೈಕಿನ ಮೇಲೆ ಹೋಗಿ ಬರುತ್ತಾನೆ. ಹೆಂಡತಿ ಎಡಿತ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಶುಕ್ರವಾರ ಚರ್ಚಿನ ಸಭೆಯ ಹೆಂಗಸರ ಉಪವಾಸ ಪ್ರಾರ್ಥನೆ ನಡೆಸುತ್ತಾಳೆ. ಮಗಳು ಸ್ವೀಟಿ ಬಿ.ಎಡ್. ಓದುತ್ತಿದ್ದಾಳೆ. ಇವರ ಮೇಲೆ ಬೆಂಜಮಿನನ ತಾಯಿ ಪರ್ಲಮ್ಮ. ಎಪ್ಪತ್ತೆಂಟು ವರ್ಷ, ಹಲ್ಲು ಆರು. ಮನೆಯಲ್ಲಿ ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಾರೆ.

ತಂದೆಗಿದ್ದ ಸಕ್ಕರೆ ಕಾಯಿಲೆ ನಾಲ್ಕು ವರ್ಷದಿಂದ ಬೆಂಜಮಿನನಿಗೂ ಇದೆ. ಜೂನ್ ತಿಂಗಳಲ್ಲಿ ರಕ್ತ ತೋರಿಸಿದಾಗ ಏಳರೊಳಗಿರಬೇಕಾದ ಮೂರು ತಿಂಗಳ ಸರಾಸರಿ ಹತ್ತರ ಹತ್ತಿರ ಬಂದಿತ್ತು. ಆ ಕಾಗದ ನೋಡಿದ ದಿನವೇ ಎಡಿತ ಗಂಡನನ್ನು ಚರ್ಚಿಗೆ ಕರೆದುಕೊಂಡು ಹೋಗಿ, ಮೊಣಕಾಲೂರಿಸಿ, ಹನ್ನೆರಡು ಶುಕ್ರವಾರ ಸಂಜೆ ಐದರವರೆಗೆ ಉಪವಾಸ ಮಾಡುತ್ತೇನೆಂದು ದೇವರಿಗೆ ಮಾತು ಕೊಡಿಸಿದಳು. ನಾಲ್ಕು ಶುಕ್ರವಾರ ಸುಸೂತ್ರವಾಗಿ ಕಳೆದವು. ಅಷ್ಟರಲ್ಲಿ ಹೊಸ ಡಾಕ್ಟರಮ್ಮನ ಹತ್ತಿರ ಹೋದದ್ದಾಯಿತು. ಆಕೆ ಹೊಸ ಗುಳಿಗೆ ಬರೆದಳು, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟಕ್ಕೆ ಮುಂಚೆ. ಜೊತೆಗೆ ಎಡತೋಳಿನ ಹಿಂಭಾಗಕ್ಕೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಅಂಟಿಸಿದಳು. ಅದರ ಕೂದಲಿನಂಥ ತಂತಿ ಚರ್ಮದೊಳಗೆ ಕೂತು, ಗಳಿಗೆಗೊಮ್ಮೆ ಮೈಯ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತದೆ. ಎರಡು ವಾರ ಬಾಳುತ್ತದೆ, ಆಮೇಲೆ ಇನ್ನೊಂದು ಹಚ್ಚಬೇಕು. ಯಾವ ಊಟಕ್ಕೆ ನಿಮ್ಮ ಮೈ ಏನು ಮಾಡುತ್ತದೆ ಎಂದು ನೀವೇ ನೋಡಿ ಎಂದಳು ಡಾಕ್ಟರಮ್ಮ. ಒಂದು ಹೊತ್ತಿನ ಊಟವನ್ನೂ ತಪ್ಪಿಸಬಾರದು ಎಂದೂ ಹೇಳಿದಳು.

ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ಅದರಲ್ಲಿ ಕಪಟವೇನೂ ಇರಲಿಲ್ಲ. ಊಟ ತಪ್ಪಿಸುವುದೆಂದರೆ ಕೆಲಸದ ಗಡಿಬಿಡಿಯಲ್ಲಿ ಉಣ್ಣದೆ ಇರುವುದು. ಉಪವಾಸವೆಂದರೆ ಪ್ರಾರ್ಥನೆ. ಅವೆರಡೂ ಒಂದೇ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಹಿಂದೆಂದೂ ಹೊಳೆದಿರಲಿಲ್ಲ. ಗುಳಿಗೆಯಂತೂ ಆಹಾರವಲ್ಲ, ಅದನ್ನು ಶುಕ್ರವಾರವೂ ನುಂಗಬಹುದು.

ಬಿಲ್ಲೆ ಬಂದ ಮೇಲೆ ಮನೆಯ ಊಟದ ರೀತಿಯೇ ಬದಲಾಯಿತು. ಸ್ವೀಟಿ ತಂದೆಯ ಫೋನಿಗೆ ಆ್ಯಪ್ ಹಾಕಿ, ಅಂಕಿ ತಾಯಿಯ ಫೋನಿನಲ್ಲೂ ಕಾಣುವಂತೆ ಮಾಡಿದಳು. ಒಂದು ನೋಟುಬುಕ್ಕಿನಲ್ಲಿ ಬರೆದಿಡತೊಡಗಿದಳು: ಅನ್ನ ಸಾರು ಉಂಡರೆ ಇನ್ನೂರ ನಲವತ್ತು, ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯಕ್ಕೆ ನೂರ ಎಪ್ಪತ್ತು, ಉಂಡ ಮೇಲೆ ಚರ್ಚಿನ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರೆ ಮೂವತ್ತು ಕಮ್ಮಿ. ಬೆಂಜಮಿನನಿಗೆ ಮೊದಮೊದಲು ಇದು ಮಜಾ ಅನ್ನಿಸಿತು. ಮಕ್ಕಳಿಗೆ ವಿಜ್ಞಾನ ಹೇಳುವವನಲ್ಲವೇ, ತನ್ನ ಮೈಯೇ ಒಂದು ಪ್ರಯೋಗಶಾಲೆ ಎಂದು ಮಾಸ್ತರರ ಕೋಣೆಯಲ್ಲಿ ತೋಳು ತೋರಿಸಿ ಹೇಳಿದ.

ಎಡಿತ ಮಜಾಕ್ಕೆ ನೋಡುತ್ತಿರಲಿಲ್ಲ. ಆಕೆ ಮೊದಲು ಅನ್ನ ನಿಲ್ಲಿಸಿದಳು, ಆಮೇಲೆ ಸಕ್ಕರೆ ಡಬ್ಬಿಯನ್ನು ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟಳು. ಆರೇ ಹಲ್ಲಿನ ಆಯಿಗೆ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೆ, ಆಯಿ ತಟ್ಟೆ ಸರಿಸಿಬಿಟ್ಟಳು.

"ಅವನ ತೋಳಿಗಿ ಬಿಲ್ಲಿ ಹಚ್ಚೀರಿ, ನನ್ನ ಹೊಟ್ಟಿಗ್ಯಾಕ ಶಿಕ್ಷಾ?"

"ಅನ್ನ ಮಾಡಿದ್ರ ಅವರು ಉಣ್ತಾರ ಆಯಿ. ನಿಮಗ ನಿಮ್ಮ ಮಗ ಬೇಕೋ ಅನ್ನ ಬೇಕೋ?"

ಆಯಿ ಅತ್ತಳು. ಬೆಂಜಮಿನ ಹೆಂಡತಿಯ ಮೇಲೆ ಕೂಗಾಡಿದ. ಹತ್ತು ನಿಮಿಷದಲ್ಲಿ, ಒಂದು ತುತ್ತೂ ಉಣ್ಣದೆ, ಅಂಕಿ ನೂರ ಮೂವತ್ತರಿಂದ ನೂರ ಅರವತ್ತಕ್ಕೆ ಏರಿತು. ಸ್ವೀಟಿ ಅದನ್ನೂ ಬರೆದುಕೊಂಡಳು. ಅಂದಿನಿಂದ ಮನೆಯಲ್ಲಿ ಜಗಳಗಳೂ ಪಿಸುಮಾತಿನಲ್ಲಿ ನಡೆಯತೊಡಗಿದವು.

ಒಂದು ದಿನ ಬೆಂಜಮಿನ ಬೇಳೆ ತರಲು ಗಾಂಧಿ ಗಂಜದ ಪೇಟೆಗೆ ಹೋದವನು ದಾರಿಯಲ್ಲಿ ಎರಡು ಜಿಲೇಬಿ ತಿಂದ. ಬೇಳೆ ತೂಗಿಸಿ, ಹಮಾಲನಿಂದ ಚೀಲ ಬೈಕಿಗೆ ಕಟ್ಟಿಸುವಷ್ಟರಲ್ಲಿ ಎಡಿತಳ ಫೋನು ಬಂತು. ಏನು ತಿಂದಿರಿ ಎಂದು ಮಾತ್ರ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ, ಹೇಳಿ ಪ್ರಯೋಜನವೂ ಇರಲಿಲ್ಲ. ಮನೆಗೆ ಬಂದಾಗ ಇನ್ನೂರ ಎಂಬತ್ತು. ಬೂಟು ಬಿಚ್ಚಿ ನೇರವಾಗಿ ಕೈಗನ್ನಡಿ ಹುಡುಕಿದ. ಆ ದಿನ ಅವನ ಮಜಾ ಮುಗಿಯಿತು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಬುತ್ತಿಯ ಡಬ್ಬಿ ಅರ್ಧ ತುಂಬಿಯೇ ವಾಪಸು ಬರತೊಡಗಿತು. ಪ್ಯಾಂಟು ಸಡಿಲವಾದದ್ದನ್ನು ಎಡಿತ ಎರಡು ಹೊಲಿಗೆ ಹಾಕಿ ಬಿಗಿ ಮಾಡಿಕೊಟ್ಟಳು, ಸಂತೋಷದಿಂದಲೇ.

ಬಿಲ್ಲೆ ಹಚ್ಚಿದ ಮೇಲೆ ಬಂದ ಮೊದಲ ಶುಕ್ರವಾರ, ಮಧ್ಯಾಹ್ನದ ಪ್ರಾರ್ಥನೆಯ ನಡುವೆ ಎಡಿತಳ ಫೋನು ಒದರಿತು. ಕಣ್ಣು ಮುಚ್ಚಿ ಕೂತಿದ್ದ ಹೆಂಗಸರೆಲ್ಲ ಕಣ್ಣು ಬಿಟ್ಟರು. ಅಂಕಿ ಅರವತ್ತೊಂಬತ್ತು. ನಾಲ್ಕು ವರ್ಷದಲ್ಲಿ ಎಡಿತ ಗಂಡನ ಹೆಸರಿನ ಮುಂದೆ ಎರಡಂಕಿ ಕಂಡಿರಲಿಲ್ಲ. ಆಕೆ ಫೋನನ್ನು ಎದೆಗೊತ್ತಿ ಹಿಡಿದು ಸ್ತೋತ್ರ ಹೇಳಿದಳು. ಸಂಜೆ ಸ್ವೀಟಿಗೆ ಆ ಗಂಟೆ ಬಂದ್ ಮಾಡಲು ಹೇಳಿದಳು.

"ಮಮ್ಮಿ, ಎಪ್ಪತ್ತರ ಕೆಳಗ ಹೋದ್ರ ಅದು ಒದರ್ತಾದ. ಕೆಳಗ ಹೋಗೋದು ಭೀ ಛಲೋ ಅಲ್ಲಂತ ಇದರಾಗ ಬರದಾರ."

"ಕೆಳಗ ಬರಲಿ ಅಂತ ನಾಲ್ಕು ವರ್ಷ ಅತ್ತೀನಿ. ಈಗ ದೇವರು ಕೇಳ್ಯಾನ. ಇದಕ್ಕೂ ಹೆದರಬೇಕೇನು?"

ಸ್ವೀಟಿ ಇನ್ನೇನೋ ಹೇಳಲು ಹೋದಳು. ಎಲ್ಲ ಓದಿದವರಿಗೆ ನಂಬಿಕೆ ಕಮ್ಮಿ ಎಂದು ತಾಯಿ ಅಂದಳು. ಆ ಮಾತು ಹುಡುಗಿಗೆ ನಾಟಿತು. ಎರಡೂ ಫೋನುಗಳಲ್ಲಿ ಗಂಟೆ ಬಂದ್ ಮಾಡಿ ತನ್ನ ಓದಿಗೆ ಕೂತಳು.

ಮುಂದಿನ ಶುಕ್ರವಾರ ಅರವತ್ತೆರಡು. ಅಂದು ಸಂಜೆ ಬೆಂಜಮಿನ ಮನೆಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು, ಕೈ ನಡುಗುತ್ತಿತ್ತು. ರೊಟ್ಟಿ ತಡವಾಯಿತೆಂದು ತಟ್ಟೆ ಎತ್ತಿ ನೆಲಕ್ಕೆ ಒಗೆದ. ಏನಾಯಿತು ಮಗನೇ ಎಂದ ಆಯಿಗೆ, ನೀ ಯಾರು ಕೇಳಾಕಿ ಎಂದ. ಎಂದೂ ಹಾಗೆ ಮಾತಾಡಿದವನಲ್ಲ. ಎಡಿತ ಅವನ ಕೈಚೀಲ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಬಾಯಿಯ ವಾಸನೆ ನೋಡಿದಳು. ಸೆರೆಯ ವಾಸನೆ ಇರಲಿಲ್ಲ. ಉಂಡು ಅರ್ಧ ಗಂಟೆಯಾದ ಮೇಲೆ ಅವನೇ ಒಡೆದ ತಟ್ಟೆಯ ಚೂರು ನೋಡಿ, ಇದು ಯಾರು ಮಾಡಿದರು ಎಂದು ಕೇಳಿದ. ಉಪವಾಸವಿದ್ದಾಗ ಸೈತಾನ ಸುಮ್ಮನೆ ಬಿಡುವುದಿಲ್ಲ ಎಂದಳು ಆಯಿ. ಎಡಿತಳಿಗೆ ಅದು ಸರಿ ಅನ್ನಿಸಿತು, ಸರಿ ಅನ್ನಿಸಬೇಕಾಗಿತ್ತು. ಆದರೂ ತಟ್ಟೆಯ ಚೂರು ಬಳಿದು ಎತ್ತುವಾಗ ಮತ್ತೊಮ್ಮೆ ಫೋನು ನೋಡಿದಳು.

ಆ ಭಾನುವಾರ ಆಕೆ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳು. ಇನ್ನೂರ ಎಂಬತ್ತು ಇದ್ದದ್ದು ಪ್ರಾರ್ಥನೆಯಿಂದ ಅರವತ್ತೆರಡಕ್ಕೆ ಬಂತು ಎಂದಾಗ ಜನ ಚಪ್ಪಾಳೆ ತಟ್ಟಿದರು. ಸಕ್ಕರೆ ಕಾಯಿಲೆ ಇರುವ ಇನ್ನಿಬ್ಬರು ತಾವೂ ಶುಕ್ರವಾರ ಹಿಡಿಯುತ್ತೇವೆಂದು ಹೆಸರು ಕೊಟ್ಟರು. ಬೆಂಜಮಿನ ತಲೆ ತಗ್ಗಿಸಿ ಕೂತಿದ್ದ. ಪಾದ ಉಳಿಯಿತೆಂದು ಅವನಿಗೆ ಮೊದಲ ಬಾರಿ ಧೈರ್ಯ ಬಂದಿತ್ತು.

ಆ ಧೈರ್ಯ ಗುರುವಾರದವರೆಗೆ ಇತ್ತು. ಗುರುವಾರ ಭಾಲ್ಕಿಯಲ್ಲಿ ಜೊತೆಯ ಮಾಸ್ತರ ಹಬೀಬನ ಮಗಳ ಮದುವೆ. ಬಿರಿಯಾನಿ, ಮೇಲೆ ಖುಬಾನಿಯ ಮೀಠಾ ಎಂಬ ಸಿಹಿ. ಬೇಡವೆಂದರೆ ಹಬೀಬ ಬಿಡುವವನಲ್ಲ, ಬೆಂಜಮಿನನೂ ಬಹಳ ಹೊತ್ತು ಬೇಡವೆನ್ನಲಿಲ್ಲ. ಮಧ್ಯಾಹ್ನ ಮೂರಕ್ಕೆ ಇನ್ನೂರ ತೊಂಬತ್ತೊಂದು. ರಾತ್ರಿ ಗುಳಿಗೆ ನುಂಗಿ, ಉಣ್ಣದೆ ಮಲಗಿದ. ಶುಕ್ರವಾರ ಬೆಳಿಗ್ಗೆ, ನಿನ್ನೆಯ ಪಾಪಕ್ಕೆ ಒಂದು ಹೆಚ್ಚಿಗೆ ಇರಲಿ ಎಂದು ಎರಡು ಗುಳಿಗೆ ನುಂಗಿ, ನೀರು ಕುಡಿದು ಶಾಲೆಗೆ ಹೋದ. ಎಡಿತ ನೋಡಿದಳು. ಬೇಡ ಎನ್ನಲಿಲ್ಲ. ಆಕೆಗೂ ಇನ್ನೂರ ತೊಂಬತ್ತೊಂದು ನಿದ್ದೆ ಕೊಟ್ಟಿರಲಿಲ್ಲ.

ಅಂದು ಮೂರು ಗಂಟೆಗೆ ಹೆಂಗಸರು ಬಂದರು. ಜಮಖಾನೆ ಹಾಸಿ, ಹಾಡು ಹಾಡಿ, ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡಿದರು. ಐದಕ್ಕೆ ಉಪವಾಸ ಬಿಡುವ ಚಹಾಕ್ಕೆ ನೀರು ಒಲೆಯ ಮೇಲಿತ್ತು. ಐದಕ್ಕೆ ಹತ್ತು ನಿಮಿಷವಿದ್ದಾಗ ಎಡಿತ ಫೋನು ನೋಡಿದಳು. ಐವತ್ತೊಂದು. ತಿರುಗಿಸಿ ಎಲ್ಲರಿಗೂ ತೋರಿಸಿದಳು. ಸ್ತೋತ್ರ, ಸ್ತೋತ್ರ ಎಂದರು ಹೆಂಗಸರು. ಮತ್ತೆ ನೋಡಿದಾಗ ನಲವತ್ತಾರು. ಬಾಗಿಲಲ್ಲಿ ಕಾಲೇಜಿನಿಂದ ಬಂದ ಸ್ವೀಟಿ ನಿಂತಿದ್ದಳು. ಆಕೆ ಚಪ್ಪಲಿ ಬಿಡದೆ ಒಳಗೆ ಬಂದು ತಾಯಿಯ ಕೈಯಿಂದ ಫೋನು ಕಿತ್ತುಕೊಂಡು ತಂದೆಗೆ ಹಚ್ಚಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಒಬ್ಬ ಹೆಂಗಸಿನ ದನಿ ಬಂತು. ಸ್ವೀಟಿ ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿ ತಾಯಿಗೆ ಕೊಟ್ಟಳು.

ತಾನು ಪುತಳಾಬಾಯಿ, ಹಲಬರ್ಗಾದಾಕೆ, ಕುರಿ ಮೇಯಿಸುವಾಕೆ ಎಂದಳು ಆ ಹೆಂಗಸು. ಮಾಸ್ತರರು ಊರ ಹೊರಗೆ ರಸ್ತೆ ಬದಿಗೆ ಬೈಕು ಕೆಡವಿಕೊಂಡು ಕೂತಿದ್ದಾರೆ, ಗಾಯವೇನೂ ಇಲ್ಲ, ಆದರೆ ನಾಲಿಗೆ ತೊದಲುತ್ತಿದೆ, ಮೈಯೆಲ್ಲ ನೀರಾಗಿದೆ. ನಿಂತವರು ಕುಡಿದಿದ್ದಾನೆ ಎಂದು ನಗುತ್ತಿದ್ದಾರೆ.

"ಕುಡದಿಲ್ಲರಿ ಬಾಯಿ. ನಾ ಮೂಸಿ ನೋಡೀನಿ. ಇವರಿಗಿ ಸಕ್ರಿ ಬ್ಯಾನಿ ಅದ ಏನು?"

"ಅದರಿ," ಎಂದಳು ಎಡಿತ. "ಈಗ ಕಮ್ಮಿ ಆಗ್ಯಾದ. ದೇವರ ದಯಾದಿಂದ ಭಾಳ ಕಮ್ಮಿ ಆಗ್ಯಾದ."

ಕುರಿಗಳ ಸದ್ದಿನ ನಡುವೆ ಪುತಳಾಬಾಯಿ ದನಿ ಏರಿಸಿದಳು.

"ಕಮ್ಮಿ ಆಗಿದ್ದಕ್ಕೇ ಹಿಂಗಾಗ್ಯಾದ ಬಾಯಿ. ನನ್ನ ಗಂಡ ಗುಳಗಿ ತಗೊಂಡು ಉಣ್ಣದ ಹೊಲಕ್ಕ ಹೋದ. ಹಿಂಗೇ ಕುಂತಿದ್ದ. ನಾವು ಭೀ ಕುಡದಾನ ಅಂತ ಬಿಟ್ಟು ಬಂದಿದ್ದೇವು, ಅವ ಉಳೀಲಿಲ್ಲ. ಬುತ್ತ್ಯಾಗ ಬೆಲ್ಲ ಅದ, ಕೊಟ್ರ ಬಾಯಿ ತೆರೀವಲ್ರು. ಶುಕ್ರವಾರ ಶುಕ್ರವಾರ ಅಂತಾರ. ನೀವೇ ಹೇಳ್ರಿ. ಫೋನ್ ಕಿವಿಗಿ ಹಿಡೀತೀನಿ."

ಜಮಖಾನೆಯ ಮೇಲೆ ಹನ್ನೊಂದು ಹೆಂಗಸರು ಎಡಿತಳ ಮುಖ ನೋಡುತ್ತಿದ್ದರು. ಗಂಡನಿಂದ ಆ ಮಾತು ಕೊಡಿಸಿದವಳು ಆಕೆಯೇ. ಚಪ್ಪಾಳೆ ತಟ್ಟಿಸಿಕೊಂಡವಳೂ ಆಕೆಯೇ. ಫೋನಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು, ಓಡಿ ಬಂದ ಮನುಷ್ಯನ ಉಸಿರು.

"ಏನ್ರಿ, ನಾ ಎಡಿತ. ಬಾಯಿ ತೆರೀರಿ. ಆ ಅಕ್ಕ ಕೊಟ್ಟದ್ದು ತಿನ್ರಿ."

ಅವನು ಏನೋ ಅಂದ. ಐದು ಆಗಿಲ್ಲ ಎಂದಂತೆ ಕೇಳಿಸಿತು.

"ಐದು ಆಗ್ಯಾದರಿ," ಎಂದು ಎಡಿತ ಸುಳ್ಳು ಹೇಳಿದಳು. "ಎಲ್ಲಾರೂ ಬಿಟ್ಟೇವಿ. ನಿಮ್ಮ ಕಾಲಿಗಿ ಬೀಳ್ತೇನಿ, ತಿನ್ರಿ."

ತಿನ್ನುತ್ತಿದ್ದಾರೆ ಎಂದು ಪುತಳಾಬಾಯಿ ಹೇಳಿದಳು. ಆದರೆ ಫೋನಿನ ಅಂಕಿ ಏರಲಿಲ್ಲ. ನಲವತ್ತಮೂರು. ನಲವತ್ತು. ಆಮೇಲೆ ಅಂಕಿಯೇ ಹೋಗಿ, ಅಳತೆಗಿಂತ ಕಮ್ಮಿ ಎಂಬ ಕೆಂಪು ಗುರುತು ಉಳಿಯಿತು. ಬೆಲ್ಲ ತಿಂದ ಮೇಲೂ ಬಿಲ್ಲೆಗೆ ಸುದ್ದಿ ಮುಟ್ಟಲು ಕಾಲು ಗಂಟೆಗೂ ಹೆಚ್ಚು ಬೇಕೆಂದು ಆಗ ಅವರಾರಿಗೂ ಗೊತ್ತಿರಲಿಲ್ಲ. ಬೆಲ್ಲವೂ ಹತ್ತಲಿಲ್ಲ ಎಂದೇ ಎಡಿತ ತಿಳಿದಳು. ಓಣಿಯ ಅಬ್ದುಲ ಗಫೂರನ ಆಟೋದಲ್ಲಿ ತಾಯಿ ಮಗಳು ಹೊರಟರು. ದಾರಿಯುದ್ದಕ್ಕೂ ಎಡಿತ ಆ ಕೆಂಪನ್ನು ನೋಡುತ್ತ, ನಾನೇ ಕೊಂದೆ, ನಾನೇ ಕೊಂದೆ ಎನ್ನುತ್ತಿದ್ದಳು. ಗಂಟೆ ಬಂದ್ ಮಾಡಿದವಳು ನಾನು ಎಂದು ಸ್ವೀಟಿ ಅತ್ತಳು. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ.

ಹಲಬರ್ಗಾ ಸಮೀಪಿಸಿದಾಗ ಐವತ್ತೆಂಟು ಎಂದು ಬಂತು. ಬೇವಿನ ಮರದ ಕೆಳಗೆ ಬೆಂಜಮಿನ ಕಾಲು ಚಾಚಿ ಕೂತು ಪುತಳಾಬಾಯಿಯ ರೊಟ್ಟಿ ತಿನ್ನುತ್ತಿದ್ದ. ಸುತ್ತ ಕುರಿಗಳು. ಅಂಗಿಯ ಮೇಲೆಲ್ಲ ಬೆಲ್ಲ. ಹೆಂಡತಿಯನ್ನು ನೋಡಿ ನಾಚಿಕೊಂಡು, ನೀ ಯಾಕ ಬಂದಿ ಎಂದು ಕೇಳಿದ. ಎಡಿತ ಪುತಳಾಬಾಯಿಯ ಎರಡೂ ಕೈ ಹಿಡಿದುಕೊಂಡಳು.

ಮರುದಿನ ಡಾಕ್ಟರಮ್ಮ ನೋಟುಬುಕ್ಕನ್ನೂ ಫೋನನ್ನೂ ಬಹಳ ಹೊತ್ತು ನೋಡಿದಳು. ಗುಳಿಗೆ ಅರ್ಧಕ್ಕಿಳಿಸಿದಳು. ಉಪವಾಸದ ಮಾತು ನಾನೂ ಕೇಳಬೇಕಿತ್ತು, ನೀವೂ ಹೇಳಬೇಕಿತ್ತು ಎಂದಳು. ಏರಿದ ಸಕ್ಕರೆ ವರ್ಷಗಟ್ಟಲೆ ತಿನ್ನುತ್ತದೆ, ಇಳಿದದ್ದು ಒಂದೇ ಸಂಜೆಯಲ್ಲಿ ಮುಗಿಸುತ್ತದೆ, ಇನ್ನು ಉಣ್ಣದೆ ಗುಳಿಗೆ ಮುಟ್ಟಬೇಡಿ. ಗಂಟೆಯನ್ನು ಆಕೆಯೇ ಮತ್ತೆ ಹಚ್ಚಿ ಕೊಟ್ಟಳು. ಅಲ್ಲಿಂದ ಎಡಿತ ಮನೆಗೆ ಬರಲಿಲ್ಲ, ಹೆಸರು ಕೊಟ್ಟಿದ್ದ ಆ ಇಬ್ಬರ ಮನೆಗಳಿಗೆ ಹೋದಳು. ಒಬ್ಬಾಕೆ ಮಾತು ಕೇಳಿ ಒಪ್ಪಿದಳು. ಇನ್ನೊಬ್ಬಾಕೆ, ನಿನ್ನ ನಂಬಿಕೆ ಸಡಿಲಾದರೆ ನನ್ನದನ್ನೂ ಸಡಿಲ ಮಾಡಬೇಡ ಎಂದು ಬಾಗಿಲು ಹಾಕಿಕೊಂಡಳು. ಎಡಿತ ಆ ಬಾಗಿಲ ಮುಂದೆ ನಿಂತು, ಈ ಗುಳಿಗೆಯನ್ನು ಉಣ್ಣದೆ ನುಂಗಬೇಡ ಎಂದು ಅದರ ಹೆಸರನ್ನು ಎರಡು ಸಲ ಕೂಗಿ ಹೇಳಿ ಬಂದಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬೆಂಜಮಿನ ಗುಳಿಗೆಯನ್ನೂ ಮುಟ್ಟಲಿಲ್ಲ, ರೊಟ್ಟಿಯನ್ನೂ ಮುಟ್ಟಲಿಲ್ಲ. ಇನ್ನೂ ಆರು ಬಾಕಿ ಇವೆ ಎಂದ. ಎಡಿತ ಲೆಕ್ಕ ಹಾಕಿದಳು. ಅವನು ಬೆಲ್ಲ ತಿಂದ ಶುಕ್ರವಾರವನ್ನು ಬಿಟ್ಟು ಎಣಿಸಿದ್ದ.

"ದೇವರಿಗಿ ಮಾತು ಕೊಟ್ಟೀನಿ ಎಡಿತ. ನಡುವ ಬಿಟ್ರ ಕಾಲು ಉಳೀತಾವೇನು?"

"ಕೊಡಿಸಿದಾಕಿ ನಾನು. ಉಳದ ಆರೂ ನಿಮ್ಮ ಹೆಸರಿಲೆ ನಾ ಹಿಡೀತೇನಿ. ನೀವು ಉಣ್ರಿ."

"ನಿನಗ ನಡೀತದೇನು ಹಂಗ?"

"ನನಗ ಗೊತ್ತಿಲ್ಲರಿ. ನೀವು ರಸ್ತಾದಾಗ ಕುಂತಿದ್ದು ನನ್ನ ಕಣ್ಣಿಗಿ ಕಟ್ಟ್ಯಾದ. ಉಣ್ರಿ."

ಆಯಿ ಗೋಡೆಗೊರಗಿ ಕೂತು ಮಗನನ್ನೇ ನೋಡುತ್ತಿದ್ದಳು. ಉಣ್ಣು ಮಗಾ ಎಂದಳು. ಅವನು ಗುಳಿಗೆ ನುಂಗಿ, ರೊಟ್ಟಿ ಮುರಿದ. ಮೊದಲ ತುತ್ತು ಬಹಳ ಹೊತ್ತು ಅಗಿದ. ಸ್ವೀಟಿ ಫೋನನ್ನು ಎಲ್ಲರಿಗೂ ಕಾಣುವಂತೆ ನೀರಿನ ಚರಿಗೆಗೆ ಆನಿಸಿಟ್ಟಳು.

ತೊಂಬತ್ತಾರು ಇದ್ದದ್ದು ಅರ್ಧ ಗಂಟೆಯಲ್ಲಿ ನೂರ ಹದಿನೆಂಟಾಯಿತು, ಆಮೇಲೆ ನೂರ ನಲವತ್ತು. ಏರುವ ಅಂಕಿ ನೋಡಿ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಎಡಿತಳ ಕಣ್ಣಲ್ಲಿ ನೀರು ಬಂತು. ನೂರ ಐವತ್ತೆಂಟು. ನೂರ ಎಪ್ಪತ್ತು. ಆಕೆಯ ನಗು ಅಲ್ಲಿಗೆ ನಿಂತಿತು. ಎಪ್ಪತ್ತರ ಕೆಳಗೆ ರಸ್ತೆ ಬದಿಯ ಬೇವಿನ ಮರ, ಮೇಲೆ ಹೋದಷ್ಟೂ ಮಾವನ ಕಾಲು; ನಡುವೆ ಎಷ್ಟು ಜಾಗವಿದೆ, ಅದರಲ್ಲಿ ಒಬ್ಬ ಮನುಷ್ಯ ಎಷ್ಟು ವರ್ಷ ಬದುಕಬಹುದು, ಆಕೆಗೆ ತಿಳಿಯಲಿಲ್ಲ. ಕೈಯಲ್ಲಿ ಎರಡನೆಯ ರೊಟ್ಟಿ ಇತ್ತು.

ಬೆಂಜಮಿನ ತಟ್ಟೆಯಿಂದ ತಲೆ ಎತ್ತಿದ. ಅಂಕಿಯ ಕಡೆ ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ಉಣ್ಣಲೋ ಬ್ಯಾಡೋ? ನೀ ಹೇಳ್ದಂಗ."

ಆಯಿ ನೋಡಿದಳು, ಸ್ವೀಟಿ ನೋಡಿದಳು. ಇಷ್ಟು ದಿನ ಆ ಮನೆಯಲ್ಲಿ ಬೇಕು ಬೇಡ ಹೇಳುತ್ತ ಬಂದವಳು ಆಕೆಯೇ. ಎಡಿತ ರೊಟ್ಟಿಯನ್ನು ನಡುವೆ ಮುರಿದಳು. ಅರ್ಧ ಅವನ ತಟ್ಟೆಗೆ ಹಾಕಿದಳು. ಉಳಿದರ್ಧವನ್ನು ಬುಟ್ಟಿಗೆ ಹಾಕದೆ, ಕೈಯಲ್ಲೇ ಹಿಡಿದುಕೊಂಡು ಅವನ ಪಕ್ಕದಲ್ಲಿ ಕೂತಳು.